ಕಾಗವಾಡದ ಹವಳಕ್ಕೊಂದು ದೀಪ

“ಎಮ್ಮಿ ಬೆಲಿದು ಬ್ಯಾಡ್ರಿ. ಕರುವಿನ ಬೆಲಿಯೊಳಗ ಒಂದು ದೀಪ ಬೇಕು.”

ಚಿಕ್ಕೋಡಿಯ ತನ್ನ ಅಂಗಡಿಯಲ್ಲಿ ಎಲ್‌ಇಡಿ ದೀಪ ಜೋಡಿಸುತ್ತ ಕುಳಿತಿದ್ದ ಪಾರಿಸ ತಲೆಯೆತ್ತಿದನು. ಎದುರಿಗೆ ನಿಂತ ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. ಆದುದರಿಂದ ಅವನೂ ನಗಲಿಲ್ಲ. ಆದರೆ ಅವನ ಕೈಯಲ್ಲಿದ್ದ ಸ್ಕ್ರೂ ಜಾರಿ ಬಿದ್ದದ್ದು ಸಂಜೆಯವರೆಗೂ ಸಿಗಲಿಲ್ಲ.

ಆಕೆ ಕಾಗವಾಡದ ಸೌಂದರ್ಯಾ. ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ಹಾಲು ಪರೀಕ್ಷಿಸುವವಳು. ಕೊಲ್ಲಾಪುರದ ಅಕ್ಕನೊಬ್ಬಳು ಮನೆ ಬದಲಿಸುವಾಗ ತನ್ನ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಜೀವಂತ ಹವಳಗಳನ್ನೂ ಇವಳಿಗೆ ದಾಟಿಸಿದ್ದಳು. ಉಪ್ಪು ಅಳೆದು ಸಮುದ್ರದ ನೀರು ಸಿದ್ಧಪಡಿಸುವುದು ಸೌಂದರ್ಯಾಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ದೀಪ. ಹಳೆಯದು ಕೆಟ್ಟಿತ್ತು, ವಿದೇಶದ ಹೊಸದಕ್ಕೆ ಕೊಡುವ ದುಡ್ಡಿಗೆ ಒಂದು ಮುರ್ರಾ ಎಮ್ಮೆ ಬರುತ್ತಿತ್ತು. ಅಷ್ಟು ಕೊಟ್ಟು ತಂದರೆ ಆ ದೀಪವನ್ನೇ ಹಿಂಡಿಕೋ ಎಂದು ತಂದೆ ಹೇಳಿದ್ದರು. ಹವಳ ಸತ್ತರೆ ತೊಟ್ಟಿ ದನಗಳಿಗೆ ನೀರು ಕುಡಿಸಲು ಹೋಗುತ್ತದೆ ಎಂಬುದೂ ಅವರದೇ ತೀರ್ಪು.

ಪಾರಿಸ ದೀಪ ತೋರಿಸುವ ಮೊದಲು ಹವಳದ ಜಾತಿ ಕೇಳಿದನು. ತೊಟ್ಟಿಯ ಆಳ ಕೇಳಿದನು. ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ ಹವಳಕ್ಕೆ ಉರಿಬಿಸಿಲಿನಂಥ ಬೆಳಕು ಬೇಕು. ಮೆದು ಹವಳಕ್ಕೆ ಅಷ್ಟು ಬೇಡ. ಇವಳದು ಮೆದು ಹವಳ, ತೊಟ್ಟಿಯೂ ಆಳವಿಲ್ಲದ್ದು. ನೀಲಿ ಬಲ್ಬು ಹೆಚ್ಚು, ಬಿಳಿ ಕಡಿಮೆ, ಕಾವು ಕಳೆಯಲು ಒಂದು ಚಿಕ್ಕ ಫ್ಯಾನು, ತಾನಾಗಿಯೇ ಹತ್ತಿ ಆರುವ ಟೈಮರ್. ಇಷ್ಟು ಸಾಕು, ತಾನೇ ಜೋಡಿಸಿಕೊಡುತ್ತೇನೆ ಎಂದನು. ಬಿಳಿ ಬೆಳಕು ಅತಿಯಾದರೆ ಹವಳದ ಬದಲು ಪಾಚಿ ಬೆಳೆಯುತ್ತದೆ ಎಂದು ಎಚ್ಚರಿಸಿದನು.

‘ಮಾರುವವನಾಗಿಯೂ ಕಡಿಮೆಯದನ್ನೇ ಕೊಳ್ಳಲು ಹೇಳುತ್ತಿದ್ದಾನಲ್ಲ...’ ಎಂದು ಸೌಂದರ್ಯಾ ಬಸ್ಸಿನಲ್ಲಿ ಕಾಗವಾಡದವರೆಗೂ ಯೋಚಿಸಿದಳು. ಯೋಚನೆ ದೀಪದ ಕುರಿತೇ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ದೀಪ ಕೂಡಿಸಲು ಪಾರಿಸ ಮನೆಗೆ ಬಂದಾಗ ಅವಳ ಅಜ್ಜಿ ತಾರವ್ವ ತೊಟ್ಟಿಯ ಮುಂದೆ ಕಾವಲು ಕುಳಿತಿದ್ದರು. ಜೈನರ ಮನೆಯಲ್ಲಿ ಒಂದು ಜೀವಿ ಮತ್ತೊಂದು ಜೀವಿಯನ್ನು ತಿನ್ನುವುದಾದರೆ ತೊಟ್ಟಿ ಇಂದೇ ಹೊರಗೆ ಹೋಗಬೇಕು ಎಂದರು. ಪಾರಿಸನೂ ಜೈನನೇ; ಆ ಭಯ ಅವನಿಗೆ ಅರ್ಥವಾಯಿತು.

“ಆಯಿ, ಇವು ಯಾರನ್ನೂ ತಿನ್ನಂಗಿಲ್ರಿ. ಬೆಳಕ ಇವುಕ ಊಟ.”

“ಬರೇ ಬೆಳಕ?”

“ಬರೇ ಬೆಳಕ.”

ತಾರವ್ವ ಹವಳಗಳನ್ನು ಬಹಳ ಹೊತ್ತು ನೋಡಿದರು. ನಮ್ಮ ಮನೆಯ ಗಂಡಸರಿಗಿಂತ ಇವೇ ಲೇಸು ಎಂದು ಎದ್ದುಹೋದರು.

ಸೌಂದರ್ಯಾಳಿಗೆ ಮೊದಲ ಸಲ ನಗು ಬಂದಿತು. ಪಾರಿಸ ಅದನ್ನು ನೋಡಿದನು. ಆ ದಿನ ಅವನು ತನ್ನ ಸ್ಕ್ರೂಡ್ರೈವರನ್ನು ಅಲ್ಲಿಯೇ ಮರೆತು ಹೋದನು. ಅದನ್ನು ಒಯ್ಯಲು ಮತ್ತೆ ಬಂದಾಗ ಮಲ್ಟಿಮೀಟರನ್ನು ಮರೆತನು.

ಕಬ್ಬು ಅರೆಯುವ ಹಂಗಾಮು ಆರಂಭವಾಗಿ ಸೌಂದರ್ಯಾಳಿಗೆ ಸಂಜೆಯ ಪಾಳಿ ಬಂದಿತು. ಮಧ್ಯಾಹ್ನ ಎರಡಕ್ಕೆ ಹತ್ತಿ ರಾತ್ರಿ ಹತ್ತಕ್ಕೆ ಆರುವಂತೆ ದೀಪಕ್ಕೆ ಟೈಮರ್ ಇಟ್ಟಿದ್ದಳು. ಆದರೂ ಹವಳ ದಿನೇ ದಿನೇ ಕಂದಿತು. ಹಸಿರು ಹೋಗಿ ಕಂದುಬಣ್ಣಕ್ಕೆ ತಿರುಗಿತು. ಹಸಿದ ಕೂಸಿನಂತೆ ದೀಪದತ್ತ ಕತ್ತು ನೀಡಿತು. ಬೆಳಕು ಸಾಲದಿದ್ದಾಗ ಕಾಣುವ ಲಕ್ಷಣ ಅದು.

ಅವಳು ಬೆಳಗ್ಗೆಯೇ ಚಿಕ್ಕೋಡಿಗೆ ಹೋಗಿ ಅಂಗಡಿಯಲ್ಲಿ ನಿಂತಳು.

“ಅಗ್ಗದ ದೀಪಾ ಕೇಳಿದ್ದೆ. ಸುಳ್ಳ ದೀಪಾ ಕೇಳಿರಲಿಲ್ಲ.”

ತನ್ನ ದೀಪ ಸಾಲದೆನ್ನಲು ಸಾಧ್ಯವೇ ಇಲ್ಲ ಎಂದು ಪಾರಿಸ ವಾದಿಸಿದನು. ಅಂದೇ ಬಂದು ಅಳೆದು ತೋರಿಸುವೆನೆಂದನು. ಬರ್ರಿ, ಅಳೀರಿ ಎಂದು ಅವಳು ತಿರುಗಿ ನೋಡದೆ ಹೋದಳು. ಹವಳಕ್ಕಿಂತ ಹೆಚ್ಚಾಗಿ ಅವಳನ್ನು ನೋಯಿಸಿದ್ದು ಬೇರೆಯೇ. ‘ಇವನನ್ನು ನಂಬಿದ್ದೆನಲ್ಲ...’

ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಮಗುಚಿದ್ದರಿಂದ ಪಾರಿಸ ತಲುಪುವಷ್ಟರಲ್ಲಿ ಅವಳು ಪಾಳಿಗೆ ಹೋಗಿದ್ದಳು. ಅವನು ಮೀಟರು ಹಿಡಿದು ಅಳೆದನು. ದೀಪದಲ್ಲಿ ದೋಷವಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಉಣ್ಣು ಬಾ ಎಂದು ತಾರವ್ವ ಕರೆದರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಜೈನ ನೇಮ ಅವನ ಮನೆಯಲ್ಲೂ ಇತ್ತು, ಉಂಡನು. ಎಲ್ಲರ ತಾಟು ತೊಳೆದು ಬಂದ ತಾರವ್ವ ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ತೊಟ್ಟಿಯ ಬಳಿ ನಡೆದು, ದೀಪದ ಸ್ವಿಚ್ಚನ್ನು ಆರಿಸಿದರು.

“ಇವುಗಳದೂ ಊಟ ಮುಗೀತು” ಎಂದರು.

ಏಕೆ ಆರಿಸಿದಿರಿ ಎಂದು ಪಾರಿಸ ಕೇಳಿದನು. ಬೆಳಕೇ ಊಟವೆಂದ ಮೇಲೆ ರಾತ್ರಿ ಉಣ್ಣಿಸುವುದು ಹೇಗೆ ಎಂದು ತಾರವ್ವ ಅವನನ್ನೇ ಕೇಳಿದರು. ಸಂಜೆಯ ಪಾಳಿ ಬಂದಾಗಿನಿಂದ ದಿನವೂ ಹೀಗೆ ಆರಿಸಿ, ಬೆಳಗ್ಗೆ ಮೊಮ್ಮಗಳು ಏಳುವ ಮುಂಚೆ ಸ್ವಿಚ್ಚು ಮತ್ತೆ ಹಾಕಿಡುತ್ತಿದ್ದರಂತೆ. ಮೊಮ್ಮಗಳಿಗೆ ರಜೆಯಿದ್ದ ದಿನ ಮುಟ್ಟುತ್ತಿರಲಿಲ್ಲವಂತೆ. ಆ ದಿನದ ಪಾಪ ಮೊಮ್ಮಗಳ ಲೆಕ್ಕಕ್ಕೆ.

ಎಂಟು ತಾಸಿನ ಊಟ ನಾಲ್ಕಕ್ಕೆ ಇಳಿದಿತ್ತು. ಅರ್ಧ ಹೊಟ್ಟೆಯಲ್ಲಿ ಹವಳ ಕಂದಿದ್ದು ಸಹಜವೇ ಆಗಿತ್ತು. ಹವಳ ಸಾಯುತ್ತಿರುವುದು ತನ್ನಿಂದಲೇ ಎಂದು ತಿಳಿದಾಗ ಮುದುಕಿಯ ಕಣ್ಣಲ್ಲಿ ನೀರು ಬಂದಿತು.

“ಆಕಿಗೆ ಹೇಳಬ್ಯಾಡ ತಮ್ಮಾ. ಜೀವಾ ಉಳಸಾಕ ಹೋಗಿ ಕೊಂದಂಗ ಆತು.”

ಪಾರಿಸ ಟೈಮರನ್ನು ಬೆಳಗ್ಗೆ ಒಂಬತ್ತಕ್ಕೆ ಹತ್ತಿ ಸಂಜೆ ಐದಕ್ಕೆ ಆರುವಂತೆ ಬದಲಿಸಿದನು. ಹೊತ್ತು ಮುಳುಗುವುದರೊಳಗೆ ಪೂರ್ತಿ ಊಟ. ಅನಂತರ ಸೌಂದರ್ಯಾಳಿಗೆ ಫೋನು ಮಾಡಿ, ಜೋಡಣೆಯಲ್ಲಿ ತನ್ನದೇ ತಪ್ಪಾಗಿತ್ತು, ಸರಿಪಡಿಸಿ ಹೊತ್ತನ್ನೂ ಬದಲಿಸಿದ್ದೇನೆ, ಕ್ಷಮಿಸಬೇಕು ಎಂದನು. ಅವಳು ಆತು ಎಂದಷ್ಟೇ ಹೇಳಿ ಇಟ್ಟಳು.

ಹವಳ ಚೇತರಿಸಿತು, ಅಂಚುಗಳಲ್ಲಿ ಹಸಿರು ಮರಳಿತು. ಅದೇ ತಿಂಗಳು ಪಾರಿಸನ ತಾಯಿ ಸಂಬಂಧ ಕೇಳಲು ಮನೆಗೆ ಬಂದರು. ತಂದೆಗೆ ಒಪ್ಪಿಗೆಯಾಗಿತ್ತು. ಸೌಂದರ್ಯಾ ಒಲ್ಲೆನೆಂದಳು. ತನ್ನ ಕೆಲಸ ಗಟ್ಟಿಯೆಂದು ಬೆಳಗ್ಗೆ ಜಗಳವಾಡಿ ಸಂಜೆಗೆ ತಪ್ಪೆನ್ನುವವನ ಯಾವ ಮಾತನ್ನು ನಂಬಬೇಕು ಎಂದು ಕೇಳಿ ಒಳಗೆ ಹೋದಳು. ಒಳಗೆ ಹೋಗಿ ಅತ್ತಳು... ಏಕೆ ಎಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ.

ತಾರವ್ವ ಆ ದಿನ ಉಣ್ಣಲಿಲ್ಲ. ಮೊಮ್ಮಗಳ ಬಳಿ ಬಂದು ಕುಳಿತರು.

“ಆ ಹುಡುಗ ಸುಳ್ಳ ಹೇಳ್ಯಾನ, ಖರೆ. ಅದು ನನ್ನ ಸಲುವಾಗಿ ಬೇ. ದೀಪಾ ಆರಸ್ತಿದ್ದಾಕಿ ನಾನು.”

ನಡೆದುದೆಲ್ಲವನ್ನೂ ಅವರು ಹೇಳಿ ಮುಗಿಸಿದಾಗ ಸೌಂದರ್ಯಾಳಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು, ಅದರ ಹಿಂದೆಯೇ ಮತ್ತೆ ಅಳು. ಅಜ್ಜಿಯ ಕೈ ಹಿಡಿದುಕೊಂಡು ಎರಡನ್ನೂ ಮುಗಿಸಿದಳು.

ಮರುದಿನ ಬೆಳಗ್ಗೆ ಚಿಕ್ಕೋಡಿಯ ಅಂಗಡಿಗೆ ಹೋದಳು. ಪಾರಿಸ ಎದ್ದು ನಿಂತನು.

“ನನ್ನ ಮುಂದ ಕಳ್ಳ ಆಗಾಕ ಮನಸ್ಸ ಹೆಂಗ ಬಂತ್ರಿ ನಿಮಗ?”

“ಬಂದಿರಲಿಲ್ಲ. ಆದ್ರ ಆಯಿ ಅಳೂದು ನೋಡಾಕ ಆಗಲಿಲ್ಲ.”

“ನಾ ಅತ್ರ ನಡೀತೈತೇನು?”

ಅವನು ತಲೆ ತಗ್ಗಿಸಿದನು. ಅವಳ ಕಣ್ಣು ತೇವವಾಗಿದ್ದುದು ಅವನಿಗೆ ಕಂಡಿತ್ತು.

“ಇನ್ನ ಮ್ಯಾಲ ನಿಮಗ ಸುಳ್ಳ ಹೇಳಂಗಿಲ್ಲ” ಎಂದನು.

“ಹಂಗಾದ್ರ ಈಗ ಖರೆ ಹೇಳ್ರಿ. ಸಂಬಂಧ ಕೇಳಾಕ ನಿಮ್ಮವ್ವ ತಾವ ಬಂದಿದ್ರೋ, ನೀವು ಕಳಿಸಿದ್ರೋ?”

“ನಾನ ಕಳಿಸಿದ್ದೆ. ಎರಡ ತಿಂಗಳಿಂದ ಅವ್ವನ ಬೆನ್ನ ಹತ್ತಿದ್ದೆ.”

ಸೌಂದರ್ಯಾ ಬೀದಿಯ ಕಡೆ ನೋಡುತ್ತ ನಿಂತಳು. ಕೆನ್ನೆ ಕೆಂಪಾದುದನ್ನು ಮರೆಮಾಡಲು ಬೀದಿಯಲ್ಲಿ ಏನೂ ಇರಲಿಲ್ಲ.

“ಇನ್ನೊಮ್ಮೆ ಕಳಸ್ರಿ.”

“ಇವತ್ತ ಕಳಸ್ಲೇನ್ರಿ?”

“ಇವತ್ತ ಬ್ಯಾಡ, ಪಾಳಿ ಐತಿ. ನಾಳೆ ನನಗ ರಜಾ.” ಮೆಲ್ಲಗೆ ಅವನತ್ತ ತಿರುಗಿದಳು. “ಹೂಂ ಅನ್ನಾಕ ನಾ ಮನ್ಯಾಗ ಇರಬೇಕಲ್ಲ...”