ಹಸಿರು ಕಾರಿನ ಎರಡು ಸ್ಪ್ರಿಂಗು

ಕನ್ನಡಿಯಲ್ಲಿ ಬಿಳಿ ವ್ಯಾನು ದೊಡ್ಡದಾಗುತ್ತಿತ್ತು.

ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೆ. ಆದರೂ ಆ ಹಳೇ ಸ್ಪೋರ್ಟ್ಸ್ ಕಾರು ಶ್ರಾಪ್‌ಶೈರಿನ ಏರು ಹತ್ತಲಾರದೆ ತಿಣುಕುತ್ತಿತ್ತು. ಬಾನೆಟ್ಟಿನೊಳಗೆ ಯಾರೋ ಡಬ್ಬಿಯಲ್ಲಿ ಮೊಳೆ ಕುಲುಕಿದ ಸದ್ದು... ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿತ್ತು. ಇಂಜಿನ್ ತನ್ನನ್ನೇ ಗುದ್ದಿಕೊಳ್ಳುತ್ತಿತ್ತು.

ಕಾರಣ ಗೊತ್ತಿತ್ತು. ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ಸ್ಪ್ರಿಂಗು ಇರಬೇಕು. ಇಂಜಿನ್ನಿನ ವೇಗ ನೋಡಿಕೊಂಡು ಕಿಡಿಯನ್ನು ತಡೆದು, ಸರಿಯಾದ ಹೊತ್ತಿಗೆ ಬಿಡುವುದು ಅವುಗಳ ಕೆಲಸ. ಎರಡೂ ಇರಲಿಲ್ಲ.

ಅವುಗಳಿಗಾಗಿಯೇ ಬೆಳಿಗ್ಗೆ ನಾನು ಒಬ್ಬ ಮುದುಕರ ಕೈ ತಿರುಚಿದ್ದೆ.

ಕೇಳಿ. ನಾನು ಕ್ರಾಡಕ್. ಕಳೆದದ್ದನ್ನು ಹುಡುಕಿಕೊಡುವವನು. ನನ್ನನ್ನು ಕರೆಸಿದ್ದು ಡಡ್ಲಿ ಪಾರ್ಜಿಟರ್. ಅವನ ದೊಡ್ಡಪ್ಪ ತೀರಿಕೊಂಡಿದ್ದರು. ಇವತ್ತು ಮಣ್ಣು. ಶವದ ಹಿಂದೆ ತಮ್ಮ ಹಸಿರು ಕಾರು ಬರಬೇಕೆಂಬುದು ಅವರ ಕಡೆಯ ಆಸೆ. ಮೆಕ್ಯಾನಿಕ್ ಎನೋಕ್ ಬೆಡ್ಡೋಸ್ ಸ್ಪ್ರಿಂಗು ಕದ್ದು ಅದಕ್ಕೆ ಕಲ್ಲು ಹಾಕಿದ್ದಾನೆ ಎಂದು ಡಡ್ಲಿ ಕಣ್ಣೊರೆಸಿಕೊಂಡ.

ನಂಬಿದೆ.

ಎನೋಕ್ ನಮ್ಮೂರ ಚಾಪೆಲ್ಲಿನಲ್ಲಿ ಭಾನುವಾರ ಬೈಬಲ್ ಓದುವವರು. ಚಿಕ್ಕಂದಿನಲ್ಲಿ ಆ ದನಿಗೆ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಅಂಥವರ ಬಲಗೈ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿದೆ. ಡಡ್ಲಿ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮುದುಕರು ಬಾಯಿ ಬಿಡಲಿಲ್ಲ. ಎಡಗೈಯಲ್ಲಿ ತಲೆಯ ಟೋಪಿಯನ್ನು ಮಾತ್ರ ಒತ್ತಿ ಹಿಡಿದಿದ್ದರು.

ಏನೋ ಟಕ್ ಎಂದಿತು...

ಆಮೇಲೆ ಡಡ್ಲಿ ಫೋನಿನಲ್ಲಿ ಆಡಿದ್ದು ಕಿವಿಗೆ ಬಿತ್ತು. ಕಾರು ಚರ್ಚಿಗಲ್ಲ, ಬಂದರಿಗೆ. ಅಂತ್ಯಕ್ರಿಯೆ ಮುಗಿಯುವಷ್ಟರಲ್ಲಿ ಹಡಗು ಹತ್ತಬೇಕು. ಕೊಳ್ಳುವವನು ಓಡಿಸಿ ನೋಡಿಯೇ ಒಯ್ಯುತ್ತಾನಂತೆ. ಸ್ಪ್ರಿಂಗು ಬೇಕಾಗಿದ್ದು ಅದಕ್ಕೆ.

ಕೀ ಕಾರಿನಲ್ಲೇ ಇತ್ತು. ಹತ್ತಿ ಕೂತೆ. ಡಡ್ಲಿ ತನ್ನ ಬಿಳಿ ವ್ಯಾನು ಹತ್ತಿ ಬೆನ್ನಟ್ಟಿದ.

ಏರು ಮುಗಿದದ್ದೇ ಎನೋಕರ ಗ್ಯಾರೇಜಿಗೆ ನುಗ್ಗಿಸಿದೆ. ಬಾಗಿಲಿಗೆ ಅಗುಳಿ ಹಾಕಿದೆ. ಅವರು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಆರಿದ ಟೀ.

"ಇನ್ನೊಂದು ಕೈಗೆ ಬಂದ್ಯಾ?"

ಡಡ್ಲಿಯ ವಿಷಯ ಹೇಳಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಸ್ಪ್ರಿಂಗು ಎಲ್ಲಿ ಎಂದು ಕೇಳಿಬಿಟ್ಟೆ.

ಅವರು ಎಡಗೈಯಲ್ಲಿ ಟೋಪಿ ತೆಗೆದು ಕೊಡವಿದರು. ಒಳಪಟ್ಟಿಯ ಮಡಿಕೆಯಿಂದ ಎರಡು ಸ್ಪ್ರಿಂಗು ಮೇಜಿನ ಮೇಲೆ ಬಿದ್ದವು.

"ಯುದ್ಧದ ಕಾಲ್ದಲ್ಲಿ ಕಾರು ನಿಲ್ಸಿದ್ರೆ ಇಂಜಿನ್ನಿಂದ ಏನಾದ್ರೂ ಬಿಚ್ಚಿ ಜೇಬಿಗೆ ಹಾಕ್ಬೇಕಿತ್ತು. ಶತ್ರು ಬಂದ್ರೂ ಓಡಿಸ್ಬಾರ್ದು ಅಂತ. ದೊಡ್ಡ ಪಾರ್ಜಿಟರ್‌ಗೆ ಆ ಚಾಳಿ ಹೋಗ್ಲೇ ಇಲ್ಲ. ನಾನು ಕಣ್ಮುಚ್ಚಿದ ದಿನ ನೀನು ಬಿಚ್ಚಿಡು ಎನೋಕ್, ಮಣ್ಣಿಗೆ ಹೊರಡೋವಾಗ ಹಾಕು, ಅಂದಿದ್ದ."

"ಬೆಳಿಗ್ಗೆನೇ ಹೇಳ್ಬಾರ್ದಿತ್ತಾ, ಯಜಮಾನ್ರೇ?"

"ಶತ್ರು ಎದುರಿಗೇ ನಿಂತಿದ್ರಲ್ಲೋ. ಇಬ್ರು."

ಬಾಗಿಲಿಗೆ ಕಬ್ಬಿಣದ ಸಲಾಕೆ ಬಡಿಯಿತು. ಹಲಗೆ ಬಿರುಕು ಬಿಟ್ಟಿತು.

ಬೇಗ ಹಾಕಿ ಎಂದೆ. ಅವರು ಬಟ್ಟೆ ಬಿಚ್ಚಿ ಬೆರಳು ತೋರಿಸಿದರು. ಊದಿ, ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಈ ಕೈಲಾ?"

ನಾನೇ ಹಾಕಬೇಕಾಯಿತು. ಅವರು ಹೇಳುತ್ತಾ ಹೋದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ, ಒಳಗಿನ ತಟ್ಟೆ ಎತ್ತಿದೆ. ಮೊದಲ ಸ್ಪ್ರಿಂಗು ಕೊಕ್ಕೆಗೆ ಕೂತಿತು. ಎರಡನೆಯದು ಜಾರಿ ನೆಲಕ್ಕೆ ಬಿತ್ತು. ಮಂಡಿಯೂರಿ ಎಣ್ಣೆ ಜಿಡ್ಡಿನಲ್ಲಿ ತಡಕಿದೆ. ಎಷ್ಟೋ ವರ್ಷದ ಮೇಲೆ ಆ ಮುದುಕರ ಎದುರು ಮಂಡಿಯೂರಿದ್ದೆ... ಪ್ರಾರ್ಥಿಸಿಯೂ ಬಿಟ್ಟೆ. ಅತ್ತ ಬಾಗಿಲ ಹಲಗೆ ಸೀಳುತ್ತಿತ್ತು.

ಸಿಕ್ಕಿತು. ಕೂರಿಸಿದೆ. ಎಲ್ಲ ಮುಚ್ಚಿ ಕೀ ತಿರುಗಿಸಿದೆ.

ಇಂಜಿನ್ ಎದ್ದಿತು. ಗುದ್ದಾಟವಿಲ್ಲ, ತೊದಲಿಲ್ಲ. ಚಾಪೆಲ್ಲಿನಲ್ಲಿ ಎನೋಕ್ ಓದುತ್ತಿದ್ದ ಹಾಗೆ, ಪ್ರತಿಯೊಂದೂ ಅದರದರ ಜಾಗದಲ್ಲಿ.

ಮುದುಕರನ್ನು ಪಕ್ಕಕ್ಕೆ ಹತ್ತಿಸಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದೆ. ಡಡ್ಲಿ ಎಸೆದ ಸಲಾಕೆ ಡಿಕ್ಕಿಗೆ ತಾಗಿ ಉರುಳಿತು. ಈ ಸಲ ಕನ್ನಡಿಯಲ್ಲಿ ವ್ಯಾನು ಚಿಕ್ಕದಾಗುತ್ತಾ ಹೋಯಿತು.

ಸೇತುವೆಯ ಬಳಿ ಶವದ ಗಾಡಿ ಸಿಕ್ಕಿತು. ಅದರ ಹಿಂದೆ, ನಡಿಗೆಯ ವೇಗದಲ್ಲಿ, ಚರ್ಚಿನ ಗೇಟಿನವರೆಗೆ ಹೋದೆವು. ಊರವರು ಟೋಪಿ ತೆಗೆದು ನಿಂತಿದ್ದರು.

ಇಂಜಿನ್ ಆರಿಸಿದೆ. ಎನೋಕ್ ಎಡಗೈ ಚಾಚಿದರು. ಕ್ಷಮಿಸಿದರು ಅಂದುಕೊಂಡು ಕೈ ಕುಲುಕಲು ಹೋದೆ.

"ಕೈ ಅಲ್ಲ. ಸ್ಪ್ರಿಂಗು ಬಿಚ್ಚಿ ಕೊಡು."

ಇಷ್ಟು ಜನರ ಮುಂದೆ ಡಡ್ಲಿ ಬರುವುದಿಲ್ಲ ಎಂದೆ.

"ಅವನ ಮಾತು ಬಿಡು," ಎಂದರು ಮುದುಕರು. "ನೀನು ಇಲ್ಲೇ ಇದ್ದೀಯಲ್ಲ."