ಕೊಂಬುಗಳ ನಡುವಿನ ಗುಮ್ಮಟ

ಮೆಹರುನ್ನಿಸಾ ಚಾಚಿ ನಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ನಾನು ಯಾರದೋ ಮದುವೆ ಫೋಟೋಕ್ಕೆ ಗಾಜು ಕೂರಿಸುತ್ತಿದ್ದೆ. ಮಾಘದ ಚಳಿ. ಬುರ್ಖಾದ ಮೇಲೆ ಗಂಡನ ಕಂದು ಶಾಲು ಹೊದ್ದಿದ್ದರು. ಮುಷ್ಟಿಯಲ್ಲಿ ಏನೋ ಬಿಗಿಯಾಗಿ ಹಿಡಿದಿದ್ದರು. ಬಿಚ್ಚಿದಾಗ ಕಂಡದ್ದು ಉಬ್ಬಸದವರು ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು.

"ಕುಸುಮ್ ದೀದಿ, ಅವ್ರನ್ನ ಪೊಲೀಸ್ನೋರು ಕರ್ಕೊಂಡು ಹೋಗಿ ಇವತ್ತಿಗೆ ಐದು ದಿನ. ಇದು ಮನೇಲೇ ಉಳ್ಕೊಂಡಿದೆ. ಒಳಗೆ ಕೊಡೋಕೆ ಬಿಡ್ತಿಲ್ಲ. ಈ ಚಳೀಲಿ ಅವ್ರು ಉಳಿಯಲ್ಲ."

"ಮೊದ್ಲು ಕೂತ್ಕೋ. ಮುಸ್ತಕೀಮ್, ಚಹಾ ತರ್ಸು. ಶುಂಠಿ ಜಾಸ್ತಿ ಹಾಕ್ಲಿ."

ಕುಸುಮ್ ದೀದಿ ಮೂವತ್ತೈದು ವರ್ಷಗಳಿಂದ ನಮ್ಮೂರು ಬಿಲೌನಾದ ಮದುಮಕ್ಕಳ, ಸತ್ತವರ, ಶಾಲೆಗೆ ಸೇರುವವರ ಫೋಟೋ ತೆಗೆಯುತ್ತಿದ್ದವರು. ಅವರು ತೆಗೆದದ್ದಕ್ಕೆ ಚೌಕಟ್ಟು ಹಾಕುವವನು ನಾನು. ಊರಿನಲ್ಲಿ ಏನಾದರೂ ಕಳೆದರೆ, ಯಾರಾದರೂ ಮನೆ ಬಿಟ್ಟು ಓಡಿದರೆ, ಜನ ಪೊಲೀಸ್ ಠಾಣೆಗಿಂತ ಮೊದಲು ದೀದಿಯ ಹತ್ತಿರ ಬರುತ್ತಿದ್ದರು. ಆದರೆ ಈ ಸಲ ಕಳೆದುಹೋಗಿದ್ದು ಸಣ್ಣದಲ್ಲ.

ನಮ್ಮ ಕೆರೆಯ ದಂಡೆಯಲ್ಲಿ ಒಂದು ಕಲ್ಲಿನ ಕಟ್ಟೆ. ಅದರ ಪಡುವಣ ತುದಿಯಲ್ಲಿ ದರ್ಗಾ, ಮೂಡಣ ತುದಿಯಲ್ಲಿ ಶಿವನ ಗುಡಿ. ಕಟ್ಟೆ ಯಾರದು ಎಂದು ನಾಲ್ಕು ವರ್ಷಗಳಿಂದ ಕೋರ್ಟಿನಲ್ಲಿ ವ್ಯಾಜ್ಯ. ಕಳೆದ ಶುಕ್ರವಾರ ಬೆಳಿಗ್ಗೆ ಗುಡಿಯ ನಂದಿ ಜಾಗದಲ್ಲಿರಲಿಲ್ಲ. ಕುತ್ತಿಗೆ ಮುರಿದು ಎರಡು ತುಂಡಾಗಿ ಕೆರೆಯ ಮೆಟ್ಟಿಲಲ್ಲಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಒಂದು ಚಾನೆಲ್ ಚಿತ್ರ ತೋರಿಸಿತು: ಚಾಚಿಯ ಗಂಡ, ದರ್ಗಾ ನೋಡಿಕೊಳ್ಳುವ ಹಬೀಬ್ ಶಾ ಬೆನ್ನಿನ ಮೇಲೆ ಮೂಟೆ ಹೊತ್ತು ಕಟ್ಟೆ ದಾಟಿ ಕೆರೆಯ ಕಡೆ ಹೋಗುತ್ತಿದ್ದಾರೆ. 'ಶುಕ್ರವಾರ ನಸುಕು' ಎಂದು ಕೆಳಗೆ ಬರೆದಿತ್ತು. ಸಂಜೆಯೊಳಗೆ ಹಬೀಬ್ ಚಾಚಾರ ಮನೆಯಲ್ಲಿ ಗುಡಿಯ ಕೀಲಿ ಸಿಕ್ಕಿತು. ಅಲ್ಲಿಗೆ ಮುಗಿಯಿತು.

ನಮ್ಮ ಮುಸಲ್ಮಾನರ ವಾರಪತ್ರಿಕೆ ಬೇರೆಯೇ ಬರೆದಿತ್ತು. ಕೇಸು ಗೆಲ್ಲಲು ಪೂಜಾರಿಯೇ ನಂದಿ ಒಡೆದ ಎಂದು. ಅದನ್ನು ಬರೆದವನು ಬಿಲೌನಾಕ್ಕೆ ಕಾಲಿಟ್ಟಿರಲಿಲ್ಲ. ಆದರೂ ಓದಿದಾಗ ನನಗೆ ಸಮಾಧಾನವಾಗಿತ್ತು. ಅದನ್ನು ಈಗ ಮುಚ್ಚಿಡುವುದಿಲ್ಲ.

"ಮೂಟೇಲಿ ಏನಿತ್ತು ಮೆಹರು?" ದೀದಿ ಕೇಳಿದರು.

"ಹೊಟ್ಟು, ಒಣರೊಟ್ಟಿ. ಪ್ರತಿ ಗುರುವಾರ ಮೀನಿಗೆ ಹಾಕ್ತಾರಲ್ಲ. ಊರಿಗೇ ಗೊತ್ತು."

"ಗುಡಿ ಕೀಲಿ ನಿಮ್ಮನೆಗೆ ಹೇಗೆ ಬಂತು?"

ಚಾಚಿ ಚಹಾದ ಲೋಟ ಕೆಳಗಿಟ್ಟರು. "ಗೊತ್ತಿಲ್ಲ ದೀದಿ" ಎಂದರು. ದೀದಿ ಮತ್ತೆ ಕೇಳಲಿಲ್ಲ. ಪಂಪನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

ಪೊಲೀಸ್ ಠಾಣೆಯಲ್ಲಿ ದಾರೋಗಾ ಸೇಂಗರ್ ನಮ್ಮನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದ.

"ದೀದಿ, ನನ್ನ ಮದುವೆ ಫೋಟೋ ತೆಗ್ದೋರು ನೀವು. ಬರಬೇಡಿ ಅನ್ನೋಕಾಗಲ್ಲ. ಆದ್ರೆ ಈ ಕೇಸಲ್ಲಿ ಕೈ ಹಾಕ್ಬೇಡಿ. ಮೇಲಿಂದ ದಿನಕ್ಕೆ ಹತ್ತು ಫೋನು."

"ಆಗ ನಿಂಗೆ ಈ ಹೊಟ್ಟೆ ಇರ್ಲಿಲ್ಲ, ಮೇಲಿನ ಭಯಾನೂ ಇರ್ಲಿಲ್ಲ. ಇದನ್ನ ಜೈಲಿಗೆ ಕಳ್ಸು, ಇವತ್ತೇ. ಮುದುಕ ಒಳಗೆ ಸತ್ರೆ ಹನ್ನೊಂದನೇ ಫೋನು ಯಾರಿಗೆ ಬರುತ್ತೆ ಯೋಚ್ನೆ ಮಾಡು."

ಸೇಂಗರ್ ಪಂಪನ್ನು ತೆಗೆದುಕೊಂಡ. ಕೀಲಿಯನ್ನೂ ತೋರಿಸಿದ. ಪ್ಲಾಸ್ಟಿಕ್ ಚೀಲದೊಳಗೆ ಉದ್ದನೆಯ ಹಳೆಯ ಕಬ್ಬಿಣದ ಕೀಲಿ. ಅದರ ತಲೆಗೆ ಪೂಜೆಯ ಕೆಂಪು ದಾರ ಸುತ್ತಿತ್ತು. ಒಂದು ಸುತ್ತಲ್ಲ, ದಾರದ ಮೇಲೆ ದಾರ ಬಿದ್ದು ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಒಳಗಿನದು ಕಪ್ಪಗೆ ಬೂದಿಯಂತೆ, ಮೇಲಿನದು ಇನ್ನೂ ಹೊಸ ಕೆಂಪು.

"ಕಳ್ಳಕೀಲಿ" ಎಂದ ಸೇಂಗರ್. "ಗುಡಿಗೆ ಇರೋದು ಒಂದೇ ಕೀಲಿ, ಅದು ನನ್ನ ಸೊಂಟದಲ್ಲಿದೆ ಅಂತ ಪೂಜಾರಿ ಬರ್ಕೊಟ್ಟಿದಾರೆ. ಬುಧವಾರ ಪ್ರಯಾಗಕ್ಕೆ ಸ್ನಾನಕ್ಕೆ ಹೋದ್ರು, ಶುಕ್ರವಾರ ಬಂದು ಬೀಗ ತೆಗೆದ್ರೆ ನಂದಿ ಇಲ್ಲ. ಬೀಗ ಒಡೆದಿರ್ಲಿಲ್ಲ."

ದೀದಿ ಆ ದಾರವನ್ನೇ ಬಹಳ ಹೊತ್ತು ನೋಡಿದರು.

ಅಲ್ಲಿಂದ ಗುಡಿಗೆ ಹೋದೆವು. ನಾನು ಚಪ್ಪಲಿ ಬಿಟ್ಟು ಹೊರಗೇ ನಿಂತೆ. ಮುಂಚೆ ನಿಲ್ಲುತ್ತಿರಲಿಲ್ಲ. ಪೂಜಾರಿ ರಾಮಸಮುಝ್ ತಿವಾರಿ ಸರಳುಬಾಗಿಲು ತೆರೆದರು. ವಾರದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಂಡರು. ನಂದಿ ಕೂರುತ್ತಿದ್ದ ಜಾಗದ ನೆಲದಲ್ಲಿ, ನಾನು ನಿಂತಲ್ಲಿಂದಲೇ ಕಾಣುವಂತೆ, ಬಿಳಿಯ ಗೀರೊಂದಿತ್ತು. ಕುಡುಗೋಲಿನಂತೆ ಬಾಗಿದ ಹೊಸ ಗೀರು.

"ಇದೇನು ಮಹಾರಾಜ್?" ದೀದಿ ಪೂಜಾರಿಯನ್ನು ಕೇಳಿದರು.

"ತೊಳೆಯೋವಾಗ ಆಗಿರ್ಬೇಕು ಬೇಟಿ."

"ನಿಮ್ಗೂ ಹಬೀಬ್ ಮಿಯಾಗೂ ಜಗಳ ಏನಾದ್ರೂ?"

"ಜಗಳ ಕೋರ್ಟಲ್ಲಿದೆ" ಎಂದರು ತಿವಾರಿ. ಆಮೇಲೆ, ಕೇಳದಿದ್ದರೂ, "ಅವ್ರ ಉಬ್ಬಸ ಹೇಗಿದೆಯಂತೆ?" ಎಂದು ನನ್ನನ್ನು ಕೇಳಿದರು.

ಆ ಚಾನೆಲ್ಲಿಗೆ ನಮ್ಮೂರಿನ ಸುದ್ದಿ ಕಳಿಸುತ್ತಿದ್ದವನು ನಿಖಿಲೇಶ್ ಖರೆ. ಸಂಬಳವಿಲ್ಲ, ಸುದ್ದಿ ಓಡಿದಷ್ಟು ಕಾಸು. ಕಚೇರಿ ಮುಂದಿನ ಚಹಾದಂಗಡಿಯಲ್ಲಿ ಕ್ಯಾಮೆರಾದ ದದ್ದನ್ ಜೊತೆ ಸಮೋಸಾ ತಿನ್ನುತ್ತಿದ್ದ. ದದ್ದನ್‌ನ ಬಲಗಾಲಿಗೆ ದಪ್ಪ ಪಟ್ಟಿ ಸುತ್ತಿತ್ತು.

"ಏನಪ್ಪಾ ಕಾಲಿಗೆ?" ದೀದಿ ಕೇಳಿದರು.

"ಬೈಕ್ ಬಿತ್ತು ದೀದಿ."

"ಇವನ ಕಾಲು ಬಿಡಿ" ಎಂದು ಖರೆ ನಕ್ಕ. "ನನ್ನ ಗುರುವಾರದ ಸುದ್ದಿ ನೋಡಿದ್ರಾ? ನಲವತ್ತು ಲಕ್ಷ ಜನ ನೋಡಿದಾರೆ."

ಫೋನಿನಲ್ಲಿ ತೋರಿಸಿದ. ನಂದಿಯ ಬೆನ್ನ ಹಿಂದಿನಿಂದ ತೆಗೆದ ಚಿತ್ರ. ಎರಡು ಕೊಂಬುಗಳ ನಡುವೆ ಸರಿಯಾಗಿ ದರ್ಗಾದ ಹಸಿರು ಗುಮ್ಮಟ. 'ನೂರಾರು ವರ್ಷಗಳಿಂದ ಈ ನಂದಿ ಗುಮ್ಮಟದ ಕಡೆ ಮುಖ ಮಾಡಿ ಯಾರಿಗಾಗಿ ಕಾಯುತ್ತಿದೆ?' ಎಂದು ಅವನ ದನಿ. ಅದನ್ನು ಗುರುವಾರ ಸಂಜೆ ನಾನೂ ನೋಡಿದ್ದೆ, ನೋಡಿ ಹೆದರಿದ್ದೆ. ಆಮೇಲೆ ಶುಕ್ರವಾರದ ಚಿತ್ರವನ್ನೂ ತೋರಿಸಿದ: ಮೂಟೆ ಹೊತ್ತ ಹಬೀಬ್ ಚಾಚಾ, ಹಿಂದೆ ದರ್ಗಾದ ಕಂಬಿಯ ಮೇಲೆ ಒಣಹಾಕಿದ ಹಸಿರು ಚಾದರ.

"ಚೆನ್ನಾಗಿ ತೆಗ್ದಿದೀಯ" ಎಂದರು ದೀದಿ. ಅವರು ಯಾರ ಚಿತ್ರವನ್ನೂ ಸುಲಭಕ್ಕೆ ಹೊಗಳುವವರಲ್ಲ.

ಮರುದಿನ, ಗುರುವಾರ ಮಧ್ಯಾಹ್ನ, ದೀದಿ ಸ್ಟುಡಿಯೋದಲ್ಲಿ ಎಲ್ಲರನ್ನೂ ಕೂರಿಸಿದರು. ಸೇಂಗರ್‌ಗೆ ಮದುಮಗನ ಕುರ್ಚಿಯೇ ಬೇಕಾಯಿತು, ಉಳಿದವುಗಳಲ್ಲಿ ಅವನು ಹಿಡಿಸುತ್ತಿರಲಿಲ್ಲ. ಖರೆ ಸಂದರ್ಶನವೆಂದು ತಿಳಿದು ಕೂದಲು ಬಾಚಿಕೊಂಡು ಬಂದಿದ್ದ, ಪಕ್ಕದಲ್ಲಿ ದದ್ದನ್. ತಿವಾರಿ ಮತ್ತು ಮೆಹರುನ್ನಿಸಾ ಚಾಚಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ. ಗೋಡೆಯ ಮೇಲೆ ಬರೆದ ಕಾಶ್ಮೀರದ ಸರೋವರ ಅವರ ಹಿಂದೆ.

ದೀದಿ ಒಂದು ಹಳೆಯ ಆಲ್ಬಮ್ ಬಿಚ್ಚಿದರು.

"ನಮ್ಮೂರಲ್ಲಿ ಮದುವೆ ಆದ್ಮೇಲೆ ಜೋಡಿ ಆ ಗುಡೀಗೆ ಹೋಗಿ ನಂದಿ ಪಕ್ಕ ಫೋಟೋ ತೆಗೆಸ್ಕೋತಾರೆ. ನೂರಾರು ತೆಗ್ದಿದೀನಿ. ಪ್ರತಿ ಸಲಾನೂ ನಂಗೆ ಒಂದೇ ರಗಳೆ. ನಂದಿ ಮುಖ ಲಿಂಗದ ಕಡೆ, ಬಡಗಣಕ್ಕೆ. ಬಾಗಿಲು, ಗುಮ್ಮಟ ಎಲ್ಲಾ ಪಡುವಣಕ್ಕೆ. ಗುಮ್ಮಟ ಚೌಕಟ್ಟಿಗೆ ಬಂದ್ರೆ ನಂದಿಯ ಪಕ್ಕೆ ಬರುತ್ತೆ, ಮುಖ ಬರಲ್ಲ. ಸೇಂಗರ್, ನಿಂದೂ ಇದೆ ನೋಡು. ಹಿಂದ್ಗಡೆ ನಂದಿ ಯಾವ ಕಡೆ ನೋಡ್ತಿದೆ?"

ಸೇಂಗರ್ ಬಗ್ಗಿ ನೋಡಿದ. "ಲಿಂಗದ ಕಡೆ."

"ಹಾಗಾದ್ರೆ ನಿಖಿಲೇಶನ ಚಿತ್ರದಲ್ಲಿ ಗುಮ್ಮಟ ಎರಡು ಕೊಂಬಿನ ನಡುವೆ ಹೇಗೆ ಬಂತು? ನಂದಿ ತಾನಾಗಿ ತಿರುಗಲ್ಲ. ಯಾರೋ ತಿರುಗ್ಸಿದಾರೆ. ನೆಲದ ಮೇಲೆ ಬಾಗಿದ ಗೀರು ಅದೇ. ಇನ್ನೊಂದು ನೋಡು. ಗುಮ್ಮಟದ ಮುಂದೆ ಬಾಗಿಲಿನ ಒಂದು ಸರಳೂ ಇಲ್ಲ. ಅಂದ್ರೆ ಬಾಗಿಲು ತೆಗ್ದಿತ್ತು. ಪೂಜಾರಿ ಬುಧವಾರದಿಂದ ಊರಲ್ಲಿಲ್ಲ. ಗುರುವಾರ ಬೀಗ ಯಾರು ತೆಗೆದ್ರು?"

ಖರೆಯ ಬಾಚಣಿಗೆ ಕೈಯಲ್ಲೇ ಉಳಿಯಿತು. "ಕಳ್ಳಕೀಲಿ ಚಾಚಾನ ಹತ್ರ ಇತ್ತಲ್ಲ" ಎಂದ.

"ಕಳ್ಳಕೀಲಿಗೆ ಯಾರಾದ್ರೂ ಪೂಜೆ ಮಾಡಿ ದಾರ ಕಟ್ತಾರಾ? ಒಂದು ದಾರ ಅಲ್ಲ, ವರ್ಷಕ್ಕೊಂದರ ಹಾಗೆ ಮೂವತ್ತೋ ನಲವತ್ತೋ." ದೀದಿ ತಿವಾರಿಯ ಕಡೆ ತಿರುಗಿದರು. ದನಿ ತಗ್ಗಿತು. "ಆ ದಾರ ಕಟ್ಟಿದ ಕೈ ಯಾವ್ದು ಮಹಾರಾಜ್?"

ತಿವಾರಿ ಸ್ವೆಟರಿನ ಒಳಗೆ ಕೈ ಹಾಕಿ ಇನ್ನೊಂದು ಕೀಲಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದಕ್ಕೆ ಹಸಿರು ದಾರ, ಅಷ್ಟೇ ದಪ್ಪ.

"ದರ್ಗಾದ್ದು" ಎಂದರು. "ದೊಡ್ಡ ಪ್ರವಾಹ ಬಂದಾಗ ನಮ್ಮಪ್ಪ ಊರಲ್ಲಿರ್ಲಿಲ್ಲ. ಹಬೀಬನ ಅಪ್ಪ ಬೀಗ ಒಡೆದು ಒಳಗೆ ಹೋಗಿ ದೇವರ ಸಾಮಾನು ಉಳಿಸಿದ್ರು. ಇನ್ಮೇಲೆ ಬೀಗ ಒಡೆಯೋದು ಬೇಡ ಅಂತ ಕೀಲಿ ಬದಲಾಯ್ಸಿಕೊಂಡ್ರು. ಪ್ರತಿ ದೀಪಾವಳಿಗೆ ನಾನು ಹೋಗಿ ಆ ಕೀಲಿಗೆ ದಾರ ಕಟ್ತೀನಿ. ಉರುಸಿಗೆ ಹಬೀಬ ಬಂದು ಇದಕ್ಕೆ ಕಟ್ತಾನೆ. ಈ ವರ್ಷಾನೂ ಕಟ್ಟಿದ್ವಿ. ಕೇಸು ನಡೀತಿದ್ರೂ."

"ಮತ್ತೆ ಒಂದೇ ಕೀಲಿ ಅಂತ ಯಾಕೆ ಬರ್ಕೊಟ್ರಿ?" ಸೇಂಗರ್ ಗದರಿದ.

"ಟಿವಿಯೋರು ಬಾಗಿಲಲ್ಲಿ ನಿಂತಿದ್ರು ಸಾಹೇಬ್ರೇ. ಗುಡಿ ಕೀಲಿ ಮುಸಲ್ಮಾನರ ಮನೇಲಿತ್ತು ಅಂತ ನನ್ನ ಬಾಯಿಂದ ಬಂದ್ರೆ ಕಮಿಟಿ ನನ್ನ ಇಟ್ಕೊಳ್ತಿತ್ತಾ? ಹೆದರ್ಕೊಂಡೆ. ಕೀಲಿ ಅವ್ನ ಮನೇಲಿ ಹುಡುಕ್ತಾರೆ ಅಂತ ಹೊಳೀಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಮೆಹರುನ್ನಿಸಾ ಚಾಚಿ ಅಳತೊಡಗಿದ್ದರು. "ನಾನೇ ಕೊಟ್ಟೆ ದೀದಿ. ಗುರುವಾರ ಮಧ್ಯಾಹ್ನ ಈ ಹುಡುಗ್ರು ಬಂದು, ಮೊಳೆ ಮೇಲಿನ ಕೆಂಪು ದಾರದ ಕೀಲಿ ನೋಡಿ, ಪೂಜಾರಿಗಳು ಫೋನಲ್ಲಿ ಹೂಂ ಅಂದಿದಾರೆ, ಗುಡಿ ಫೋಟೋ ಬೇಕು ಅಂದ್ರು. ಇವ್ರು ಮೀನಿಗೆ ಹಾಕೋಕೆ ಹೋಗಿದ್ರು. ಮೊಳೆಯಿಂದ ಕೀಲಿ ತೆಗ್ದು ಕೊಟ್ಟೆ. ಕತ್ತಲಾಗೋ ಮುಂಚೆ ತಂದ್ಕೊಟ್ರು. ಪೊಲೀಸ್ನೋರು ಎಳೆದಾಗ ಇವ್ರು ನನ್ನ ಕಿವೀಲಿ ಹೇಳಿದ್ದು ಒಂದೇ ಮಾತು. ಕೀಲಿ ವಿಷ್ಯ ಬಾಯಿ ಬಿಡ್ಬೇಡ, ಮಹಾರಾಜರ ಅನ್ನ ಹೋಗುತ್ತೆ ಅಂತ."

ತಿವಾರಿ ಮುಖ ಮುಚ್ಚಿಕೊಂಡರು. ಅವರ ಭುಜಗಳು ಅಲುಗುವುದನ್ನು ನಾವೆಲ್ಲ ನೋಡಬೇಕಾಯಿತು.

"ಉಳಿದದ್ದು ಸುಲಭ" ಎಂದರು ದೀದಿ. "ಗೋರಿ ಮೇಲಿನ ಚಾದರ ಒಗೆಯೋದು ಗುರುವಾರ ಮಾತ್ರ. ಮಧ್ಯಾಹ್ನ ಕಂಬಿ ಮೇಲೆ ಒಣಗುತ್ತೆ, ಸಂಜೆ ನಮಾಜಿಗೆ ಮುಂಚೆ ಗೋರಿ ಮೇಲೆ ಹೋಗುತ್ತೆ. ಶುಕ್ರವಾರ ನಸುಕಲ್ಲಿ ಕಂಬಿ ಮೇಲೆ ಚಾದರ ಎಲ್ಲಿಂದ ಬರ್ಬೇಕು? ಆ ಚಿತ್ರ ಗುರುವಾರದ್ದು, ಮೂಟೇಲಿ ಇದ್ದದ್ದು ಮೀನಿನ ಹೊಟ್ಟು. ದದ್ದನ್, ನೀನು ಕಾಲಿನ ಪಟ್ಟಿ ಬಿಚ್ಚು. ಬೈಕ್ ಬಿದ್ರೆ ಮೊಣಕಾಲು, ಮೊಣಕೈ ತರಚುತ್ತೆ. ಕಾಲ್ಬೆರಳು ಮಾತ್ರ ಜಜ್ಜಬೇಕಾದ್ರೆ ಮೇಲಿಂದ ಕಲ್ಲು ಬೀಳ್ಬೇಕು."

ದದ್ದನ್ ಖರೆಯ ಕಡೆ ನೋಡಿದ. "ಹೇಳ್ಬಿಡಣ್ಣ. ನಂಗೆ ಒಂದು ವಾರದಿಂದ ನಿದ್ದೆ ಇಲ್ಲ."

ಖರೆ ನೆಲ ನೋಡುತ್ತಿದ್ದ. "ಬೇಕೂಂತ ಮುರೀಲಿಲ್ಲ ದೀದಿ. ತಿರುಗ್ಸಿ ತೆಗೆದ್ವಿ, ವಾಪಸ್ ಇಡೋವಾಗ ಪೀಠದಿಂದ ಜಾರ್ತು. ಹಳೇ ಬಿರುಕಿತ್ತು, ಕುತ್ತಿಗೆ ಹೋಯ್ತು. ದರ್ಗಾ ಕಡೆ ಜನ ಎಲ್ಲ ನಮಾಜಲ್ಲಿದ್ರು. ಮೆಟ್ಟಿಲಿಗೆ ಒಯ್ದು ಹಾಕಿದ್ವಿ."

"ಜಾರಿ ಬಿತ್ತು ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಹೇಳ್ಬೇಕು ಅಂತಾನೇ ಇದ್ದೆ. ಶುಕ್ರವಾರ ಬೆಳಿಗ್ಗೆ ನಂದಿ ಮುರಿದಿದೆ ಅಂತ ಆಫೀಸಿಗೆ ತಿಳಿಸ್ದೆ. ಇನ್ನೂ ಪೂರ್ತಿ ಹೇಳಿರ್ಲಿಲ್ಲ. ಯಾರು ಮಾಡಿದ್ದು ಅಂತ ಅವ್ರು ಕೇಳ್ಲೇ ಇಲ್ಲ ದೀದಿ. ಮಾಡ್ದೋರ ಮುಖ ಇದೆಯಾ ಅಂತ ಕೇಳಿದ್ರು. ನನ್ನ ಫೋನಲ್ಲಿ ಚಾಚಾನ ಮುಖ ಇತ್ತು."

ಸೇಂಗರ್ ಎದ್ದು ಟೋಪಿ ಹಾಕಿಕೊಂಡ. ಕೆಳಗೆ ಜೀಪು ಸ್ಟಾರ್ಟ್ ಆದ ಮೇಲೂ ದೀದಿ ಆಲ್ಬಮ್ ಮುಚ್ಚಲಿಲ್ಲ.

"ನಾನೂ ನೋಡಿದ್ದೆ ದೀದಿ, ಗುರುವಾರ" ಎಂದೆ. "ಆ ಗುಡಿ ಪಕ್ಕ ಆಡಿ ಬೆಳೆದೋನು ನಾನು. ನಂದಿ ಮುಖ ಯಾವ ಕಡೆ ಅಂತ ನಂಗೂ ಗೊತ್ತಿತ್ತು. ಟಿವಿ ನೋಡೋವಾಗ ನೆನಪಾಗ್ಲೇ ಇಲ್ಲ."

"ಊರಲ್ಲಿ ಯಾರಿಗೂ ಆಗ್ಲಿಲ್ಲ ಕಣೋ" ಎಂದರು ದೀದಿ. "ನಂಗೂ ಎರಡನೇ ಸಲ ನೋಡಿದಾಗ್ಲೇ ಆಗಿದ್ದು."

ಬಿಡುಗಡೆಯ ಕಾಗದಕ್ಕೆ ಇನ್ನೂ ಎಂಟು ದಿನ ಹಿಡಿಯಿತು. ಚಾನೆಲ್ ತಪ್ಪಾಯಿತೆಂದು ಒಂದು ಸಾಲು ಹಾಕಿತು. ಪರದೆಯ ಕೆಳಗೆ, ಚಿನ್ನದ ದರದ ಹಿಂದೆ ಓಡಿಹೋಯಿತು. ಖರೆಯ ಜಾಗಕ್ಕೆ ಇನ್ನೊಬ್ಬ ಬಂದ. ನಮ್ಮ ವಾರಪತ್ರಿಕೆ ಅಷ್ಟನ್ನೂ ಹಾಕಲಿಲ್ಲ.

ಹಬೀಬ್ ಚಾಚಾ ಬಂದ ದಿನ ನಾನೂ ದೀದಿಯೂ ಅವರ ಮನೆಯಲ್ಲಿದ್ದೆವು. ತುಂಬ ಸೊರಗಿದ್ದರು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ತಿವಾರಿ ಬಂದು ಬಾಗಿಲಲ್ಲಿ ನಿಂತರು. ಬಗ್ಗಿ ಚಾಚಾರ ಕಾಲು ಮುಟ್ಟಲು ಹೋದರು.

"ಅಯ್ಯೋ ಏನ್ ಮಾಡ್ತೀರಿ ಮಹಾರಾಜ್! ನೀವು ನನಗಿಂತ ಎರಡು ವರ್ಷ ದೊಡ್ಡೋರು." ಚಾಚಾ ಅವರನ್ನು ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು. ಚಳಿಯ ಬಗ್ಗೆ, ಪ್ರಯಾಗದ ನೀರಿನ ಬಗ್ಗೆ ಮಾತಾಡಿದರು. ಹೊಸ ನಂದಿಗೆ ಮಿರ್ಜಾಪುರದ ಕಲ್ಲು ಒಳ್ಳೆಯದೆಂದು ಚಾಚಾ ಹೇಳಿದರು. ಸರಿಹೋಗುತ್ತಿದೆ ಎಂದುಕೊಂಡೆ.

ಆಮೇಲೆ ಚಾಚಾ ಜೇಬಿನಿಂದ ಠಾಣೆಯವರು ವಾಪಸು ಕೊಟ್ಟ ಕೀಲಿ ತೆಗೆದು, ಕೆಂಪು ದಾರವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ತಿವಾರಿಯ ಅಂಗೈಯಲ್ಲಿಟ್ಟರು.

"ಇದು ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ."

"ಹಬೀಬ್..."

"ಸಿಟ್ಟಿಲ್ಲ ಮಹಾರಾಜ್. ಅಲ್ಲಾಹನಾಣೆ ಸಿಟ್ಟಿಲ್ಲ. ಆದ್ರೆ ಇನ್ನೊಂದ್ಸಲ ಹಿಡ್ಕೊಳ್ಳೋಕೆ ನನ್ನ ಹತ್ರ ಉಸಿರಿಲ್ಲ."

ತಿವಾರಿ ಎದ್ದರು. ಸ್ವೆಟರಿನೊಳಗಿಂದ ಹಸಿರು ದಾರದ ಕೀಲಿ ತೆಗೆದು ಮಂಚದ ಮೇಲಿಟ್ಟು, ಯಾರ ಕಡೆಯೂ ನೋಡದೆ ಹೊರಟುಹೋದರು.

ಆ ಮನೆಯ ಬಾಗಿಲ ಪಕ್ಕದ ಮೊಳೆ ಈಗಲೂ ಹಾಗೆಯೇ ಇದೆ. ಅದರ ಕೆಳಗೆ ಸುಣ್ಣದ ಗೋಡೆಯಲ್ಲಿ ಕೀಲಿ ತೂಗಾಡಿ ತೂಗಾಡಿ ಸವೆದ ಕಂದು ಗುರುತು. ಈದ್‌ಗೆ ಮನೆಗೆ ಸುಣ್ಣ ಬಳಿಯುವಾಗ ಚಾಚಿ ಅಷ್ಟು ಜಾಗ ಬಿಟ್ಟು ಉಳಿದದ್ದಕ್ಕೆ ಬಳಿದಿದ್ದರು.