ಹಳ್ಳದ ಚಕ್ರಕ್ಕೆ ಬುದ್ಧಿ ಕಲಿಸಲು ಬಂದವನು

"ಡಬ್!... ಡಬ್!"

ಮನೆಯೊಳಗೆ ಒಂದಾದ ಮೇಲೊಂದು ಬಲ್ಬು ಒಡೆದ ಸದ್ದು. ಜೊತೆಗೇ ಅವ್ವನ ಕಿರುಚಾಟ.

ಆಗತಾನೆ ಬಚ್ಚಲಿಂದ ಹೊರಬಂದಿದ್ದ ಗಂಗಾಮಣಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಅಡುಗೆಮನೆ ಕಡೆ ಓಡಿದಳು. ಅದೇ ಹೊತ್ತಿಗೆ ಜಗಲಿಯಿಂದ ಹಳ್ಳದ ಕಡೆಗೆ ಯಾರೋ ಓಡಿ ಬಂದರು. ಹಿತ್ತಿಲ ಮೆಟ್ಟಿಲ ಹತ್ತಿರ ಇಬ್ಬರಿಗೂ ಢಿಕ್ಕಿ!

"ಕಣ್ಣು ಕಾಣಲ್ವಾ?" ಅವಳು ಸಿಡುಕಿದಳು.

"ಈ ಕತ್ತಲಲ್ಲಿ ಹೇಗ್ರೀ ಕಾಣುತ್ತೆ?"

"ಕತ್ತಲೆ ಮಾಡಿದ್ದು ಯಾರು?"

ಅವನು ಟಾರ್ಚ್ ಹಚ್ಚಿದ. ಬೆಳಕು ಅವಳ ಮುಖಕ್ಕೇ ಬಿತ್ತು. ನೀರು ತೊಟ್ಟಿಕ್ಕುತ್ತಿದ್ದ ಮುಂಗುರುಳು, ಕೋಪದಲ್ಲಿ ಅರಳಿದ ಮೂಗು... ಒಂದು ಕ್ಷಣ ಅವನ ಕೈ ಹಾಗೇ ನಿಂತಿತು. ಆಮೇಲೆ ನಾಚಿ, ಟಾರ್ಚನ್ನು ನೆಲಕ್ಕೆ ತಿರುಗಿಸಿ ಹಳ್ಳಕ್ಕೆ ಓಡಿದ.

ಅವನೇ ಲೋಹಿತ್. ಆಲೂರಿನವನು. ಹಾಸನದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ವನಗೂರಿನ ಮೇಲಿನ ಈ ಮನೆಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಕಾಫಿ ತೋಟದ ಹಳ್ಳಕ್ಕೆ ಪೈಪ್ ಹಾಕಿ, ನೀರಿನ ರಭಸಕ್ಕೆ ಚಕ್ರ ತಿರುಗಿಸಿ ಕರೆಂಟ್ ಮಾಡಿಕೊಡುತ್ತೇನೆ, ನನ್ನ ಸಂಶೋಧನೆಯೂ ಆಗುತ್ತದೆ ಎಂದು ಅವಳಪ್ಪ ಕೃಷ್ಣಪ್ಪನನ್ನು ಒಪ್ಪಿಸಿ ಇಲ್ಲೇ ಉಳಿದುಕೊಂಡಿದ್ದ. ಹಳ್ಳದ ದಡದ ತಗಡಿನ ಶೆಡ್ಡಿನಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದ. ಚಕ್ರದ ಓಟವನ್ನು ಹದದಲ್ಲಿ ಇಡುವುದು ಆ ಪೆಟ್ಟಿಗೆಯ ಕೆಲಸ. ಅದಕ್ಕೆ ಬುದ್ಧಿ ಇದೆಯಂತೆ!

ಚಕ್ರ ನಿಲ್ಲಿಸಿ ಮರಳಿ ಬಂದವನು ಜಗಲಿಯಲ್ಲಿ ನಿಂತು ಕೇಳಿದ, "ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?"

"ನಿಮ್ಮ ಪೆಟ್ಟಿಗೆ ಮುಟ್ಟಕ್ಕೆ ನಮಗೇನು ಬೇರೆ ಕೆಲ್ಸ ಇಲ್ವಾ?" ಗಂಗಾಮಣಿ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಾ ಹೇಳಿದಳು. "ಅದ್ಕೆ ಬುದ್ಧಿ ಐತೆ ಅಂದ್ರಲ್ಲ... ಬುದ್ಧಿ ಇರೋದು ಬಲ್ಬ್ ಸುಡುತ್ತಾ? ಬಚ್ಚಲ ಮನೆಗೆ ಬೇರೆ ತಂತಿ ಎಳ್ದು ಡ್ರಮ್ಮಿಗೆ ಕಾಯಿಲ್ ಇಳಿಬಿಟ್ಟಿದೀರ. ಅದ್ಯಾಕೆ?"

ಲೋಹಿತ್ ದಣಿದಿದ್ದ. ಅವಮಾನವೂ ಆಗಿತ್ತು. ಯೋಚಿಸದೆ ಅಂದುಬಿಟ್ಟ.

"ಅದೆಲ್ಲ ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಬಿಡಿ."

ಗಂಗಾಮಣಿಯ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳು ಸುಡುವ ತನಕ ಉರಿಯಿತು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಅಜ್ಜಿ ಹಾಸಿಗೆ ಹಿಡಿದಾಗ, ಅಪ್ಪ ಅವ್ವ ತೋಟಕ್ಕೆ ಹೋದರೆ ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದನ್ನು ಯಾರು ನೆನಪಿಸಿದರೂ ಅವಳು ಸುಮ್ಮನಿರುತ್ತಿದ್ದಳು. ಆದರೆ ಇವನು...?

'ಆಹಾ! ಕೆಸರು ಮೆತ್ತಿದ ಪ್ಯಾಂಟು, ದಾರ ಕಟ್ಟಿದ ಕನ್ನಡಕ. ಮೂರು ಬಲ್ಬು ನೆಟ್ಟಗೆ ಉರಿಸಕ್ಕೆ ಬರಲ್ಲ, ನನಗೆ ಅರ್ಥ ಆಗಲ್ವಂತೆ!'

ಅವತ್ತಿಂದ ಅವನ ಹೆಸರು ಅವಳ ಬಾಯಲ್ಲಿ "ಬಲ್ಬ್ ಮೇಷ್ಟ್ರು" ಎಂದೇ ಆಯಿತು.

ಜನವರಿ ತಿಂಗಳು, ಕಾಫಿ ಕುಯ್ಲಿನ ಸಮಯ. ಆಳು ಸಾಲದ ದಿನ ಗಂಗಾಮಣಿಯೂ ತೋಟಕ್ಕಿಳಿಯುತ್ತಿದ್ದಳು. ಸಂಜೆ ಮೈತುಂಬಾ ಕಸ, ಇರುವೆ. ಎಲ್ಲರದೂ ಆದ ಮೇಲೆ ಕೊನೆಗೆ ಅವಳ ಸ್ನಾನ. ಇಂಥ ಸಂಜೆಗಳಲ್ಲೇ ಬಲ್ಬು ಸುಡುತ್ತಿದ್ದವು. ಮನೆಯಲ್ಲೇ ಉಳಿದು ಬೆಳಿಗ್ಗೆಯೇ ಎಲ್ಲರಿಗಿಂತ ಮೊದಲು ಮಿಂದ ದಿನ ಪೆಟ್ಟಿಗೆ ಸಾಧುವಾಗಿರುತ್ತಿತ್ತು. ಆದರೆ ಈ ಎರಡಕ್ಕೂ ಸಂಬಂಧ ಇದೆಯೆಂದು ಯಾರಿಗೆ ಹೊಳೆಯಬೇಕು?

"ಏನ್ ಮೇಷ್ಟ್ರೇ, ಇವತ್ತು ಎಷ್ಟು ಬಲಿ?" ಎಂದು ಅವಳು ತೋಟದಿಂದ ಬರುತ್ತಾ ಕೇಳುವಳು.

ಕೃಷ್ಣಪ್ಪನೂ ಬಿಡುತ್ತಿರಲಿಲ್ಲ. "ನಮ್ಮ ಬುಡ್ಡಿಗೆ ಬುದ್ಧಿ ಇಲ್ಲ ಮಾರಾಯ, ಆದ್ರೂ ಗಾಳಿ ಬಂದ್ರೆ ಮಾತ್ರ ಆರೋದು. ನಿಂದು ಹಂಗಲ್ವಲ್ಲ!"

ಲೋಹಿತ್ ಹಲ್ಲು ಕಚ್ಚಿಕೊಂಡು ಹೊಸ ಬಲ್ಬು ಹಾಕುತ್ತಿದ್ದ.

ಒಂದು ಮಧ್ಯಾಹ್ನ ಅವ್ವ ರಾಜಲಕ್ಷ್ಮಮ್ಮ ಗಂಗಾಮಣಿಯ ಕೈಗೆ ಕಾಫಿ ಲೋಟ ಕೊಟ್ಟು, "ಪಾಪ, ಬೆಳಿಗ್ಗೆಯಿಂದ ಶೆಡ್ಡಲ್ಲೇ ಐತೆ ಆ ಹುಡುಗ. ಕೊಟ್ಟು ಬಾ" ಎಂದರು.

"ಪಾಪನಂತೆ! ಅಹಂಕಾರದ ಮೂಟೆ."

"ಯಾವ ಮನೆಯವರು ಅಂತ ಕೇಳ್ದೆ ಕಣೇ. ಆಲೂರಲ್ಲಿ ನಮ್ಮ ದೊಡ್ಡಪ್ಪನ ಮನೆಗೆ ಬೇಕಾದವರೇ!"

"ನಾನೇನ್ ಮಾಡ್ಲಿ ಅದಕ್ಕೆ?" ಗಂಗಾಮಣಿ ಮೂತಿ ತಿರುಗಿಸಿ ಹೊರಟಳು.

ಶೆಡ್ಡಿನ ಹತ್ತಿರ ಬಂದಾಗ ಒಳಗೆ ಮಾತು ಕೇಳಿಸಿತು. ಇಣುಕಿದಳು. ಲೋಹಿತ್ ಒಬ್ಬನೇ ಪೆಟ್ಟಿಗೆಯ ಮುಂದೆ ಕೂತಿದ್ದ.

"ಇವತ್ತಾದ್ರೂ ನನ್ನ ಮಾನ ಉಳಿಸೋ ಮಾರಾಯ... ಆ ಹುಡುಗಿ ಎದುರಿಗೆ ತಲೆ ಎತ್ತೋ ಹಾಗಿಲ್ಲ ಕಣೋ..."

ಗಂಗಾಮಣಿಗೆ ನಗು ತಡೆಯಲಾಗಲಿಲ್ಲ. ಲೋಟದ ಕಾಫಿ ತುಳುಕಿತು. ಅವನು ಗಾಬರಿಯಿಂದ ಎದ್ದ, ತಲೆ ತಗಡಿಗೆ ಬಡಿಯಿತು.

"ಎಷ್ಟು ಹೊತ್ತಾಯ್ತು ನೀವು ಬಂದು?"

"ಪೆಟ್ಟಿಗೇನ ಅಕ್ಕರೆಯಿಂದ ಮಾತಾಡಿಸೋದು ಕೇಳೋಷ್ಟು ಹೊತ್ತು. ಮನುಷ್ಯರ ಹತ್ರ ಮಾತ್ರ ಬರಲ್ಲ ನಿಮಗೆ."

ಅವನ ಮುಖ ಬಾಡಿತು. ಕಾಫಿ ತೆಗೆದುಕೊಂಡು ಮೆಲ್ಲಗೆ ಹೇಳಿದ, "ಅವತ್ತು ಹಾಗನ್ನಬಾರದಿತ್ತು. ತಪ್ಪಾಯ್ತು."

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಸಿಟ್ಟಿಗೆ ಸಿಟ್ಟು ಕೊಡುವುದು ಗೊತ್ತಿತ್ತು, ಇದಕ್ಕೇನು ಕೊಡುವುದು?

"ಸರಿ, ಈಗ ಹೇಳಿ. ಏನು ಕಲಿಸ್ತಿದೀರ ಇದಕ್ಕೆ?"

"ಸಾಧಾರಣ ಮೆಷೀನಿಗೆ ಹೌದು, ಇಲ್ಲ ಎರಡೇ ಗೊತ್ತು. ಜೋರು, ಇಲ್ಲಾ ನಿಧಾನ. ನಾನು ಇದಕ್ಕೆ 'ಸ್ವಲ್ಪ' ಅನ್ನೋದನ್ನ ಕಲಿಸ್ತಿದೀನಿ. ಸ್ವಲ್ಪ ಜೋರು, ತೀರಾ ಜೋರಲ್ಲ, ಪರವಾಗಿಲ್ಲ... ನಾವು ಯೋಚಿಸೋ ಹಾಗೆ. ಆಮೇಲೆ ಅದು ನೋಡ್ತಾ ನೋಡ್ತಾ ತಾನೇ ಕಲೀಬೇಕು."

"ಇಷ್ಟಕ್ಕೆ ಡಾಕ್ಟರೇಟ್ ಕೊಡ್ತಾರಾ?"

ಅವನು ಒಂದು ಗಳಿಗೆ ಬೆಪ್ಪಾದ. ಆಮೇಲೆ ಜೋರಾಗಿ ನಕ್ಕ. ಅಬ್ಬಾ... ನಕ್ಕರೆ ಈ ಬಲ್ಬ್ ಮೇಷ್ಟ್ರು ಬೇರೆಯೇ ಮನುಷ್ಯ!

"ಕೊಡೋ ಹಾಗೆ ಕಾಣಲ್ಲ," ನಗು ನಿಂತ ಮೇಲೆ ಅಂದ. "ಹಗಲು ಎಷ್ಟು ಸಲ ನೋಡಿದ್ರೂ ಸರಿಯಾಗಿರುತ್ತೆ. ಕೆಲವು ಸಂಜೆ ಹುಚ್ಚು ಹಿಡಿದ ಹಾಗೆ ಓಡುತ್ತೆ. ಯಾಕೆ ಅಂತ ನನಗೇ ಅರ್ಥ ಆಗ್ತಿಲ್ಲ. ಈ ತಿಂಗಳು ನಮ್ಮ ಗೈಡ್ ಬಂದು ನೋಡ್ತಾರೆ. ಅವರೆದುರಿಗೆ ಹೀಗಾದ್ರೆ ಎಲ್ಲಾ ಮುಗೀತು. ಸಂಶೋಧನೆನೂ ಇಲ್ಲ, ಇಲ್ಲಿಗೆ ಬರೋದೂ ಇಲ್ಲ."

'ಹೋದರೆ ಹೋಗಲಿ, ನನಗೇನು?' ಅಂದುಕೊಂಡಳು ಗಂಗಾಮಣಿ. ಆದರೆ ಏರುದಾರಿ ಹತ್ತುವಾಗ ಕಾಲು ಯಾಕೋ ಭಾರವಾಗಿತ್ತು. ಛೀ! ಇಂಥವನಿಗೋಸ್ಕರವಾ?

ಮರುವಾರ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಅವಳು ಮಾರನಹಳ್ಳಿಗೆ ಹೋದಳು. ವಾಪಸ್ ಬಂದ ಸಂಜೆ ಅಂಗಳದಲ್ಲೇ ಲೋಹಿತ್ ಎದುರಾದ. ಮುಖದ ತುಂಬಾ ಬೆಳಕು.

"ನೀವು ಹೋದಾಗಿನಿಂದ ಒಂದು ಬಲ್ಬೂ ಸುಟ್ಟಿಲ್ಲ ಗೊತ್ತಾ! ಪೆಟ್ಟಿಗೆ ಕಲಿತುಬಿಟ್ಟಿದೆ. ಗೈಡಿಗೆ ಹೇಳಿ ಕಳಿಸಿದ್ದೆ. ಇವತ್ತೇ ಬರ್ತಿದಾರೆ!"

"ಹಾಗಾದ್ರೆ ನಾನೇ ಅಪಶಕುನ ಅನ್ನಿ."

"ಅಯ್ಯೋ, ಹಾಗಲ್ಲ..." ಅವನು ತೊದಲಿದ. "ಬಲ್ಬೆಲ್ಲಾ ಉರೀತಿದ್ವು... ಆದ್ರೂ ಮನೆ ಮಾತ್ರ ಮಂಕಾಗಿತ್ತು."

ಗಂಗಾಮಣಿ ತಿರುಗಿಯೂ ನೋಡದೆ ಒಳಗೆ ಹೋದಳು. ನೋಡಿದ್ದರೆ ಕೆನ್ನೆಯ ಬಣ್ಣ ಅವನಿಗೆ ಗೊತ್ತಾಗುತ್ತಿತ್ತು.

ದೀಪದ ಹೊತ್ತಿಗೆ ಜೀಪು ಬಂತು. ಪ್ರೊಫೆಸರ್ ವೆಂಕಟೇಶ ಕೆಳಗಿಳಿದು, ಸಗಣಿ ಸಾರಿಸಿದ ಅಂಗಳವನ್ನು ಮೂಗು ಮುರಿದು ದಾಟಿ, ಜಗಲಿಯ ಕುರ್ಚಿಯಲ್ಲಿ ಕೂತರು. ಕಾಲೇಜಿನ ಇನ್ನೊಬ್ಬರು ಜೊತೆಗಿದ್ದರು. ಮನೆತುಂಬಾ ಬಲ್ಬುಗಳು ಹದವಾಗಿ ಉರಿಯುತ್ತಿದ್ದವು. ಲೋಹಿತ್ ವಿವರಿಸತೊಡಗಿದ.

ಹಿಂದುಗಡೆ ಗಂಗಾಮಣಿ ಬಸ್ಸಿನ ಧೂಳು ತೊಳೆದುಕೊಂಡು, ಬಟ್ಟೆ ಉಟ್ಟು, ಎಂದಿನಂತೆ ಬಚ್ಚಲ ಬಾಗಿಲ ಪಕ್ಕದ ಸ್ವಿಚ್ ಆರಿಸಿ ಹೊರಬಂದಳು.

"ಡಬ್! ಡಬ್! ಡಬ್!"

ಒಂದು ಬಲ್ಬು ಸಿಡಿದದ್ದು ಪ್ರೊಫೆಸರ ನೆತ್ತಿಯ ಮೇಲೇ.

"ಇದೇನಯ್ಯಾ ನಿನ್ನ ಇಂಟೆಲಿಜೆಂಟ್ ಕಂಟ್ರೋಲು?" ಅವರ ದನಿ ಹಿತ್ತಿಲಿನವರೆಗೂ ಕೇಳಿಸಿತು.

"ಸರ್, ಮೊದಲು ಹಳ್ಳಕ್ಕೆ ಹೋಗಿ ನೀರು ನಿಲ್ಲಿಸಿ..."

"ನಿಂತ್ಕೊಳ್ಳೋ ಇಲ್ಲಿ! ಸೈಕಲ್ ಶಾಪಿನ ಹುಡುಗ ಡೈನಮೋ ಕಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಉರಿಯುತ್ತಿತ್ತು. ನಾಳೆ ಎಲ್ಲಾ ಬಿಚ್ಚಿ ಜೀಪಿಗೆ ಹಾಕು. ನಿನಗೋಸ್ಕರ ಇನ್ನು ಒಂದು ದಿನಾನೂ ದಂಡ ಮಾಡ್ಕೊಳ್ಳಲ್ಲ ನಾನು."

ಬೇರೆ ದಿನವಾಗಿದ್ದರೆ ಗಂಗಾಮಣಿ ಒಳಗೆ ಓಡಿರುತ್ತಿದ್ದಳು. ಇವತ್ತು ಜಗಲಿಯಲ್ಲಿ ಪರಸ್ಥಳದವರು. ಕೆದರಿದ ಕೂದಲಲ್ಲಿ ಹೇಗೆ ಹೋಗುವುದೆಂದು ಸಂಕೋಚಪಟ್ಟು ಬಚ್ಚಲ ಬಾಗಿಲಲ್ಲೇ ನಿಂತಳು. ಹಾಗೆ ನಿಂತದ್ದಕ್ಕೇ ಅದು ಕೇಳಿಸಿತು...

ಹಳ್ಳದ ಕಡೆಯಿಂದ ಚಕ್ರದ ಸದ್ದು. ದಿನಾ ಗುಂಯ್‌ಗುಡುತ್ತಿದ್ದದ್ದು ಈಗ ಕೀರಲಾಗಿ ಚೀರುತ್ತಿತ್ತು.

ಬೆನ್ನಿಗೆ ಸ್ವಿಚ್ ತಾಗಿತು. ಏನನ್ನಿಸಿತೋ, ಹಾಕಿದಳು.

ಚೀರಾಟ ಇಳಿಯಿತು!

ಆರಿಸಿದಳು. ಏರಿತು! ಮತ್ತೆ ಹಾಕಿದಳು. ಇಳಿಯಿತು...

"ಅಯ್ಯೋ ಭಗವಂತಾ! ನಾನೇನಾ?"

ಆ ಮನೆಯಲ್ಲಿ ಒಂದು ರೂಢಿಯಿತ್ತು. ಕೊನೆಗೆ ಮಿಂದವರು ಬಚ್ಚಲ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ಬೆಂಕಿ ಆರಿಸಬೇಕು. ಮಿಂದಾದ ಮೇಲೂ ಸೌದೆ ಉರಿಸಿದರೆ ಅಜ್ಜಿ ಬಯ್ಯುತ್ತಿದ್ದಳು. ಒಲೆ ಹೋಗಿ ಕಾಯಿಲ್ ಬಂದಿತ್ತು, ಗಂಗಾಮಣಿಯ ಕೈ ಮಾತ್ರ ಹಾಗೇ ಉಳಿದಿತ್ತು. ಅವ್ವ ಕರೆಂಟಿಗೆ ಹೆದರಿ ಸ್ವಿಚ್ ಮುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ಹಾಕುವವಳೂ ಇವಳೇ. ಹೆಂಗಸರು ಮೀಯುವ ಜಾಗವೆಂದು ಲೋಹಿತ್ ಸಂಜೆ ಆ ಕಡೆ ಸುಳಿಯುತ್ತಿರಲಿಲ್ಲ.

ಸುಮ್ಮನೆ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಬೆಳಿಗ್ಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾನೆ. ತನ್ನ ಮರ್ಯಾದೆ ಉಳಿಯುತ್ತದೆ.

'ಥೂ ನನ್ನ ಜನ್ಮಕ್ಕೆ! ಇಷ್ಟು ದಿನ ಅವನನ್ನ ಆಡ್ಕೊಂಡೆ. ಈಗ ಮುಚ್ಚಿಟ್ಟರೆ ನನಗಿಂತ ಕೀಳು ಯಾರು?'

ತಲೆಗೆ ಟವೆಲ್ ಬಿಗಿದುಕೊಂಡು ಗಂಗಾಮಣಿ ಜಗಲಿಗೆ ಬಂದಳು. ಟಾರ್ಚುಗಳೆಲ್ಲ ಅವಳತ್ತ ತಿರುಗಿದವು.

"ಪೆಟ್ಟಿಗೇದು ತಪ್ಪಿಲ್ಲ ಸಾರ್. ಬಚ್ಚಲ ಸ್ವಿಚ್ ಆರಿಸಿದ್ದು ನಾನು. ಪ್ರತಿ ಸಲ ನಾನೇ. ಆರಿಸಿದ್ರೆ ಚಕ್ರ ಕಿರುಚುತ್ತೆ, ಹಾಕಿದ್ರೆ ಸುಮ್ಮನಾಗುತ್ತೆ. ಬೇಕಾದ್ರೆ ಬಂದು ನೋಡಿ."

ಲೋಹಿತ್ ಬಿಳಿಚಿಕೊಂಡ. "ಪ್ರತಿ ಸಲ...? ಬೇಕು ಅಂತಲೇ ಮಾಡಿದ್ರಾ? ನನ್ನ ಕಂಡ್ರೆ ಅಷ್ಟೊಂದು ತಾತ್ಸಾರಾನಾ?"

ಆ ಮಾತು ಅವಳೆದೆಗೆ ನಾಟಿತು.

"ಬೇಕು ಅಂತ ಮಾಡಿದ್ರೆ ಈಗ ಬಂದು ಹೇಳ್ತಿದ್ನಾ? ಬಚ್ಚಲಿಗೆ ಯಾಕೆ ತಂತಿ ಅಂತ ಮೊದಲ ದಿನಾನೇ ಕೇಳಿದ್ದೆ. ನೀವೇನಂದ್ರಿ, ನೆನಪೈತಾ?"

ಕೃಷ್ಣಪ್ಪ ಕೆಮ್ಮಿದ.

"ಏನಯ್ಯಾ ಲೋಹಿತ್," ಪ್ರೊಫೆಸರು ಕೇಳಿದರು, "ಮಿಕ್ಕ ಕರೆಂಟೆಲ್ಲಾ ಆ ಕಾಯಿಲಿಗೆ ಹೋಗಿ ನೀರು ಕಾಯಿಸಬೇಕು, ಅದನ್ನ ಆರಿಸಿದ್ರೆ ಚಕ್ರಕ್ಕೆ ಹಿಡಿತ ತಪ್ಪುತ್ತೆ ಅಂತ ಮನೆಯವರಿಗೆ ಹೇಳಿರಲಿಲ್ವಾ?"

ಲೋಹಿತ್ ತಲೆ ತಗ್ಗಿಸಿದ. "ಇಲ್ಲ ಸರ್. ಇವರು ಕೇಳಿದ್ರು. ಅರ್ಥ ಆಗಲ್ಲ ಅಂದುಬಿಟ್ಟೆ. ತಪ್ಪು ಇವರದ್ದಲ್ಲ, ನಂದು."

"ಮೂರ್ಖ! ಮೆಷೀನಿಗೆ ಬುದ್ಧಿ ಕಲಿಸಕ್ಕೆ ಬಂದವನಿಗೆ ಇಷ್ಟೂ ಬೇಡ್ವಾ?" ಪ್ರೊಫೆಸರು ಕೋಟಿನ ಮೇಲಿನ ಗಾಜು ಕೊಡವಿದರು. "ಬೆಳಿಗ್ಗೆ ಇನ್ನೊಂದು ಸಲ ಓಡಿಸು, ನೋಡ್ತೀನಿ. ಆಮೇಲೆ ಇಂಥದ್ದೇ ಒಂದು ಕಾಯಿಲನ್ನ ಹಳ್ಳದಲ್ಲೇ ಮುಳುಗಿಸಿಡು, ಯಾರ ಕೈಗೂ ಸಿಗದ ಹಾಗೆ."

ಬೆಳಿಗ್ಗೆ ಹೊಸ ಬಲ್ಬುಗಳು ಉರಿದವು. ಪ್ರೊಫೆಸರು ತಾವೇ ಒಂದೊಂದಾಗಿ ಹಾಕಿ, ಆರಿಸಿ ನೋಡಿದರು. ಚಕ್ರ ಒಂದೇ ರಾಗದಲ್ಲಿ ತಿರುಗಿತು. "ಪರವಾಗಿಲ್ಲ" ಎಂದು ಗೊಣಗಿ ಜೀಪು ಹತ್ತಿದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲವಂತೆ.

ಗಂಗಾಮಣಿ ಇದ್ಯಾವುದನ್ನೂ ನೋಡಲಿಲ್ಲ. ಕಣದಲ್ಲಿ ಕೂತು ಕಾಫಿ ಹರವುತ್ತಿದ್ದಳು. 'ಬೇಕು ಅಂತಲೇ ಮಾಡಿದ್ರಾ' ಅಂದನಲ್ಲ... ರಾತ್ರಿಯಿಡೀ ಅದೇ ಕೊರೆದಿತ್ತು.

ನೆರಳೊಂದು ಕಾಫಿಯ ಮೇಲೆ ಬಿತ್ತು.

"ಗಂಗಾಮಣಿ..."

"ಕಾಫಿ ತುಳೀಬೇಡಿ. ಹಿಂದಕ್ಕೆ ನಿಲ್ಲಿ."

ಅವನು ಹಿಂದಕ್ಕೆ ಸರಿದು ನಿಂತ. "ಎರಡು ಸಲ ನಿಮ್ಮನ್ನ ಕೀಳಾಗಿ ಕಂಡೆ. ಒಂದು ಸಲ ದಡ್ಡಿ ಅಂದ್ಕೊಂಡೆ, ನಿನ್ನೆ ಕೆಟ್ಟವಳು ಅಂದ್ಕೊಂಡೆ. ಅಷ್ಟು ಜನರ ಮುಂದೆ ಬಂದು ಹೇಳಕ್ಕೆ ನನ್ನ ಕೈಲಂತೂ ಆಗ್ತಿರಲಿಲ್ಲ. ಯಾಕೆ ಹೇಳಿದ್ರಿ?"

ಅವಳು ಕಾಫಿ ಕೆದಕುತ್ತಲೇ ಇದ್ದಳು. ಕಣ್ಣು ತುಂಬಿತ್ತು.

"ನೀವು ಹೋಗ್ಬಿಡ್ತೀರಿ ಅಂತ."

ಅಷ್ಟೇ. ಅದು ಬಾಯಿಂದ ಹೇಗೆ ಜಾರಿತೋ ಅವಳಿಗೇ ಗೊತ್ತಾಗಲಿಲ್ಲ!

ಲೋಹಿತ್ ಬಗ್ಗಿ ಅವಳ ಎದುರಿಗೇ ಕೂತ. "ಮುಂದಿನ ಭಾನುವಾರ ಆಲೂರಿಂದ ನಮ್ಮಮ್ಮನ್ನ ಕರ್ಕೊಂಡು ಬರ್ಲಾ?"

ಗಂಗಾಮಣಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಹುಬ್ಬೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಕರ್ಕೊಂಡು ಬನ್ನಿ. ಆದ್ರೆ ಮಾತೆಲ್ಲಾ ನಿಮ್ಮಮ್ಮ ಆಡ್ಲಿ. ನೀವು ಬಾಯಿ ಬಿಡಬಾರ್ದು."

"ಯಾಕೆ?"

"ನೀವು ಬಾಯಿ ಬಿಟ್ರೆ ನಮ್ಮಪ್ಪ ಒಪ್ಪಲ್ಲ."

"ಮತ್ತೆ... ನೀವು?"

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ದನಿ ಮಾತ್ರ ತೀರಾ ಮೆತ್ತಗಿತ್ತು.

"ಇಷ್ಟು ಹೊತ್ತು ನೀವು ಮಾತಾಡಿದ್ರೂ ನಾನು ಎದ್ದು ಹೋಗಿಲ್ವಲ್ಲ... ಅಷ್ಟೂ ತಿಳ್ಕೊಳ್ಳಕ್ಕೆ ಆಗಲ್ವಾ ನಿಮಗೆ?"